ಮೂರು ತಲೆಮಾರಿನ ಸೈಕಲ್

ಏರುಬೀದಿಯ ಅರ್ಧದಲ್ಲಿ, ಹಳೇ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ ಅವಳ ಸೈಕಲ್ ಅಂಗಡಿ. ಒಬ್ಬರು ನೆಟ್ಟಗೆ ನಿಂತರೆ ಇನ್ನೊಬ್ಬರು ತಲೆ ಬಗ್ಗಿಸಬೇಕು, ಅಷ್ಟೇ ಜಾಗ. ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಬೀದಿಯಲ್ಲಿ ಯಾರನ್ನು ಕೇಳಿದರೂ ‘ಬೆರಕೆ ಅಂಗಡೀನಾ?’ ಎಂದು ಮೇಲಕ್ಕೋ ಕೆಳಕ್ಕೋ ಕೈ ತೋರಿಸುತ್ತಾರೆ. ಬೆರಕೆ ಎನ್ನುವುದು ಮರ್ಯಾದೆಯ ಹೆಸರೇನಲ್ಲ. ಬೇರೆಯವರಾಗಿದ್ದರೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಿದ್ದರು. ಇವಳು ಮಾತ್ರ ಅದನ್ನು ದೊಡ್ಡ ಪದವಿಯ ಹಾಗೆ ಹೊತ್ತುಕೊಂಡು ಓಡಾಡುತ್ತಾಳೆ. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾಡಿದವರಿಗೆ ಚಕ್ರಕ್ಕೆ ಗಾಳಿ ಬಿಟ್ಟಿ.

ಹೆಸರು ಬಂದದ್ದಕ್ಕೆ ಕಾರಣ ಇದೆ. ಅವಳ ಕೈಯಿಂದ ಹೊರಬಿದ್ದ ಯಾವ ಸೈಕಲ್ಲಿನಲ್ಲೂ ಒಂದೇ ಕಾಲದ ಸಾಮಾನು ಇರುವುದಿಲ್ಲ. ಗೇರ್ ಲಿವರ್ ಅಜ್ಜಂದಿರ ಕಾಲದ್ದು, ಡಿರೇಲರ್ ಅಪ್ಪಂದಿರ ಕಾಲದ್ದು, ಹಲ್ಲುಚಕ್ರಗಳ ಗೊಂಚಲು ಮೊನ್ನೆ ಮೊನ್ನೆ ಡಬ್ಬಿಯಿಂದ ತೆಗೆದದ್ದು. ಡಿರೇಲರ್ ಎಂದರೆ ಹಿಂದಿನ ಚಕ್ರದ ಪಕ್ಕ ಜೋತುಬಿದ್ದು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ತೋಳು. ಲಿವರ್ ವೈರನ್ನು ಎಳೆಯುತ್ತದೆ, ವೈರ್ ತೋಳನ್ನು ಎಳೆಯುತ್ತದೆ, ತೋಳು ಚೈನನ್ನು ತಳ್ಳುತ್ತದೆ. ಪ್ರತಿ ತಲೆಮಾರಿನಲ್ಲೂ ಸಾಮಾನು ಮಾಡುವವರು ಈ ಎಳೆತದ ಅಳತೆಯನ್ನು ಒಂದಿಷ್ಟು ಬದಲಿಸುತ್ತಾರೆ. ಹಾಗಾಗಿ ಹಳೇದು ಹೊಸದಕ್ಕೆ ಕೂಡುವುದಿಲ್ಲ, ಕೂಡಿಸಿದರೆ ಚೈನು ಎರಡು ಚಕ್ರಗಳ ನಡುವೆ ಸಿಕ್ಕಿಕೊಂಡು ಕಟಕಟ ಹಲ್ಲು ಕಡಿಯುತ್ತದೆ. ದೊಡ್ಡ ರಸ್ತೆಯ ಹೊಸ ಅಂಗಡಿಯವನು ಇಂಥ ಸೈಕಲ್ ಕಂಡರೆ ಮೂಗು ಮುರಿದು ‘ಸೆಟ್ಟೇ ಬದಲಾಯಿಸ್ಬೇಕು’ ಎನ್ನುತ್ತಾನೆ. ಅವನು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟಕ್ಕೆ ಸುಮ್ಮನಾಗುವ ಜಾತಿ ಇವಳದಲ್ಲ.

“ಅಜ್ಜ, ಮೊಮ್ಮಗಳು ಒಂದೇ ಮನೇಲಿ ಇರಲ್ವಾ?” ಎಂದು ಕೇಳುತ್ತಾಳೆ. “ಈ ಕಡೆ ಎಷ್ಟು ವೈರ್ ಬರುತ್ತೆ, ಆ ಕಡೆ ತೋಳು ಎಷ್ಟು ಸರಿಯುತ್ತೆ, ಅದನ್ನ ನೋಡ್ಕೊಂಡ್ರೆ ಸಾಕು. ಹೊಂದ್ಕೊಳ್ದೆ ಎಲ್ಲಿಗೆ ಹೋಗ್ತವೆ?”

ಈ ಮಾತನ್ನು ಅವಳು ಪಂಕ್ಚರಿಗೆ ಬಂದವರಿಗೂ ಹೇಳುತ್ತಾಳೆ. ಸ್ಪ್ಯಾನರ್ ಕೈಯಲ್ಲಿದ್ದಷ್ಟು ಹೊತ್ತೂ ಬಾಯಿಗೆ ಬಿಡುವಿಲ್ಲ. ಕೇಳಿ ಕೇಳಿ ತಲೆ ಚಿಟ್ಟು ಹಿಡಿದವರು ‘ಸರಿ ತಾಯಿ, ಸೈಕಲ್ ಕೊಡು’ ಎಂದರೂ ಕೊಡುವುದಿಲ್ಲ. ಕಟ್ಟಿದ ಸೈಕಲ್ಲನ್ನು ಮೊದಲು ತಾನೇ ಹತ್ತಿ ಇಳಿಜಾರಿನಲ್ಲಿ ಬಿಟ್ಟುಕೊಂಡು ಹೋಗಿ, ಬೀದಿಯ ಕೊನೆಯಲ್ಲಿ ಬಡಗಿಯ ಅಂಗಡಿ ಇರುವ ತಿರುವಿನಲ್ಲಿ ಗಕ್ಕನೆ ನಿಲ್ಲಿಸಿ, ಗೇರ್ ಬದಲಿಸುತ್ತಾ ಮೇಲೆ ಬರಬೇಕು. ಬಂದು, ಸೀಟಿನ ಮೇಲೆ ಒಂದು ಏಟು ಹಾಕಿ, “ನನ್ನ ಕೈ ಒಪ್ಪಿತು, ತಗೊಂಡ್ಹೋಗಿ” ಎನ್ನಬೇಕು. ಆ ಏಟು ಬೀಳದೆ ಸೈಕಲ್ ಮೆಟ್ಟಿಲಿನಡಿಯಿಂದ ಆಚೆ ಹೋಗುವ ಹಾಗಿಲ್ಲ. ಆ ಕೈಯೋ, ಬಿಗಿಯಾಗಿ ತುಕ್ಕು ಹಿಡಿದ ನಟ್ಟನ್ನೂ ಬೈದು ಬಿಚ್ಚಿಸುವಂಥ ಕೈ. ಬೀದಿಯ ಹೆಂಗಸರು ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಸಿಕೊಳ್ಳಲು ಅವಳ ಹತ್ತಿರವೇ ಬರುತ್ತಾರೆ.

ಇಂಥವಳಿಗೆ ಒಬ್ಬ ಅಕ್ಕ. ಅಕ್ಕ ಸೂಲಗಿತ್ತಿ ನರ್ಸು. ಬೀದಿಯ ಕೆಳಗಿನ ಆಸ್ಪತ್ರೆಯಲ್ಲಿ ಹೆಸರಿಗೆ ಕೆಲಸ, ಆದರೆ ಕಾಲು ಅಲ್ಲಿ ನಿಲ್ಲುವುದಿಲ್ಲ. ಕಾರು ಹತ್ತದ ಓಣಿಗಳಲ್ಲಿ ಬಸುರಿಯರು, ಬಾಣಂತಿಯರು ಇರುವ ಮನೆಗಳಿಗೆ ಸೈಕಲ್ಲಿನ ಮೇಲೆ ಹೋಗಿ ನೋಡಿಕೊಂಡು ಬರುವುದೇ ಅವಳ ದಿನಚರಿ. ಕ್ಯಾರಿಯರಿನಲ್ಲಿ ಕಪ್ಪು ಚೀಲ, ಅದರೊಳಗೆ ತಕ್ಕಡಿ, ರಕ್ತದೊತ್ತಡದ ಪಟ್ಟಿ, ಹತ್ತಿ, ಬ್ಯಾಂಡೇಜು. ಆ ಗುಡ್ಡದ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿದ್ದು ತಾನೇ ಎಂದು ಅಕ್ಕ ಎದೆ ತಟ್ಟಿ ಹೇಳಿಕೊಳ್ಳುವುದಿಲ್ಲ. ಆ ಕೆಲಸವನ್ನು ತಂಗಿ ವಹಿಸಿಕೊಂಡಿದ್ದಾಳೆ.

ಈಗ ಅಕ್ಕನ ಮಂಡಿ ಏರು ಹತ್ತಲು ಒಲ್ಲೆ ಎನ್ನುತ್ತಿತ್ತು. ಬೆರಳಿನ ಗೆಣ್ಣುಗಳು ಊದಿಕೊಂಡು, ಹೊಸ ಕಾಲದ ಗೇರ್ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುವುದು ಆಗದ ಮಾತಾಗಿತ್ತು. ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಹೋಗಿ ಮನೆಮನೆಗೂ ತಡ. ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಒಳ್ಳೆಯ ಮಾತಿನಲ್ಲೇ ಹೇಳಿದರಂತೆ. ಈ ತಿಂಗಳು ಮುಗಿಯುವುದರೊಳಗೆ ಓಡಾಟ ಮೊದಲಿನ ಹಾಗೆ ಆದರೆ ಸರಿ, ಇಲ್ಲದಿದ್ದರೆ ಓಣಿಗಳನ್ನು ಚಿಕ್ಕ ವಯಸ್ಸಿನ ನರ್ಸಿಗೆ ಬಿಟ್ಟು ಔಷಧಿ ಕೋಣೆಯಲ್ಲಿ ಕೂತುಕೊಳ್ಳಿ, ಆರಾಮಾಗಿರಿ ಎಂದು.

“ಆರಾಮಂತೆ,” ಎಂದಳು ಅಕ್ಕ ತಂಗಿಯ ಅಂಗಡಿಯ ಸ್ಟೂಲಿನ ಮೇಲೆ ಕೂತು. “ಕಿಟಕಿ ಇಲ್ಲದ ಕೋಣೆ ಪುಟ್ಟಿ ಅದು. ಅಲ್ಲಿ ಕೂತ್ರೆ ನಾನು ಮಾತ್ರೆ ಡಬ್ಬಿಗಳ ಜೊತೆ ಒಂದು ಡಬ್ಬಿ ಆಗ್ಬಿಡ್ತೀನಿ.”

“ಯಾರು ಕೂರಿಸ್ತಾರೆ ನೋಡೋಣ. ಸೈಕಲ್ ಇಲ್ಲಿ ಬಿಟ್ಟು ಹೋಗು.”

“ಹೊಸಾದು ತಗೋ ಅಂತಾರೆ ಎಲ್ಲಾರೂ.”

“ಎಲ್ಲಾರೂ ಸೈಕಲ್ ಕಟ್ತಾರಾ? ಇಲ್ಲ ತಾನೇ. ಬಿಟ್ಟು ಹೋಗು ಅಂದ್ನಲ್ಲ.”

ಹೊಸದು ಅಕ್ಕನಿಗೆ ಒಗ್ಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಕ್ಕನ ಸೈಕಲ್ಲಿನ ಚೌಕಟ್ಟು ತಗ್ಗು. ಸೀರೆಯೋ ಮಂಡಿ ನೋವೋ ಏನಿದ್ದರೂ ಕಾಲು ಎತ್ತದೆ ಹತ್ತಬಹುದು. ಅಷ್ಟು ತಗ್ಗಿನದು ಈಗ ಸಿಗುವುದು ಅಪರೂಪ. ಆದ್ದರಿಂದ ಚೌಕಟ್ಟು ಹಾಗೇ ಇರಲಿ, ಮಿಕ್ಕಿದ್ದೆಲ್ಲ ಬೆರಕೆಯಾಗಲಿ ಎಂದು ತೀರ್ಮಾನಿಸಿ ಅವಳು ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದಳು.

ಏರು ಹಗುರಾಗಬೇಕಾದರೆ ಹಿಂದೆ ದೊಡ್ಡ ಹಲ್ಲುಚಕ್ರ ಬೇಕು, ತಟ್ಟೆಯಷ್ಟು ಅಗಲದ್ದು. ಅದು ಈಗಿನ ತಲೆಮಾರಿನದು. ಅಷ್ಟು ದೊಡ್ಡದಕ್ಕೆ ಚೈನು ಹತ್ತಿಸಲು ಉದ್ದ ತೋಳಿನ ಡಿರೇಲರ್ ಬೇಕು. ಅದನ್ನು ಅದರ ಹಿಂದಿನ ತಲೆಮಾರಿನಿಂದ ಆರಿಸಿ, ಇನ್ನೂ ಸ್ವಲ್ಪ ಕೆಳಗೆ ಇಳಿಬೀಳಲೆಂದು ಚೌಕಟ್ಟಿಗೂ ತೋಳಿಗೂ ನಡುವೆ ಕಬ್ಬಿಣದ ತುಂಡೊಂದನ್ನು ಉಜ್ಜಿ ಕೂರಿಸಿದಳು. ಇನ್ನು ಅಕ್ಕನ ಹೆಬ್ಬೆರಳು. ಗುಂಡಿಯ ಲಿವರ್ ಬೇಡ. ಹ್ಯಾಂಡಲಿನ ಮೇಲೆ ಕಿವಿಯ ಹಾಗೆ ನಿಲ್ಲುವ, ಕಟ್ ಕಟ್ ಎನ್ನದೆ ಜಾರುವ ಅಜ್ಜನ ಕಾಲದ ಲಿವರನ್ನು ಡಬ್ಬಿಯ ತಳದಿಂದ ತೆಗೆದಳು. ಅದಕ್ಕೆ ಬೆರಳೇ ಬೇಕಿಲ್ಲ, ಅಂಗೈಯಿಂದ ನೂಕಿದರೂ ಸಾಕು. ಅದರಲ್ಲಿ ಮೊದಲೇ ಗುರುತು ಮಾಡಿಟ್ಟ ಮೆಟ್ಟಿಲುಗಳಿಲ್ಲದ ಕಾರಣ ಯಾವ ತಲೆಮಾರಿನ ತೋಳಿನ ಜೊತೆಗೂ ಅದಕ್ಕೆ ತಕರಾರಿಲ್ಲ. ಚೈನಿನ ಸದ್ದು ಕೇಳಿಕೊಂಡು ಕೂದಲೆಳೆ ಆಚೀಚೆ ಮಾಡಿದರೆ ಸರಿಹೋಗುತ್ತದೆ. ಅಕ್ಕನ ಕಿವಿ ಚುರುಕು, ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳಿದ ಕಿವಿ ಅದು.

ಪೆಡಲು ತಿರುಗಿಸಿ ಲಿವರ್ ನೂಕಿದಾಗ ಚೈನು ಚಿಕ್ಕ ಚಕ್ರದಿಂದ ದೊಡ್ಡದರವರೆಗೆ ಸದ್ದಿಲ್ಲದೆ ಹತ್ತಿತು. ಅವಳಿಗೆ ತನ್ನ ಮೇಲೇ ಪ್ರೀತಿ ಉಕ್ಕಿ ಬಂತು. ಪಕ್ಕದ ಇಸ್ತ್ರಿ ಅಂಗಡಿಯವಳನ್ನು ಕೂಗಿ ಕರೆದು ತೋರಿಸಿದಳು. ಇಸ್ತ್ರಿಯವಳಿಗೆ ತಲೆಬುಡ ಅರ್ಥವಾಗದಿದ್ದರೂ ಚೆನ್ನಾಗಿದೆ ಎಂದು ಹೇಳಿ ಹೋದಳು.

ಉಳಿದದ್ದು ಬ್ರೇಕು. ಚಕ್ರವನ್ನು ಎರಡೂ ಬದಿಯಿಂದ ಇಕ್ಕಳದ ಹಾಗೆ ಕಚ್ಚುವ ಹಳೇ ಬ್ರೇಕು ಚೆನ್ನಾಗೇ ಇತ್ತು, ರಬ್ಬರ್ ಮಾತ್ರ ಬದಲಿಸಿದಳು. ಆದರೆ ಹಿಡಿಕೆ ಅಕ್ಕನ ಬೆರಳಿಗೆ ದೂರ. ಹಿಡಿಯಲು ಕೈ ಅಗಲಿಸಬೇಕು, ಗೆಣ್ಣು ನೋಯುತ್ತದೆ. ಪಾಪ ಅನಿಸಿತು. ಅಕ್ಕನಿಗೆ ಹಿತವಾಗಲೆಂದು ಹೊಸ ತಲೆಮಾರಿನ ಬ್ರೇಕ್ ಹಿಡಿಕೆಗಳನ್ನು ಹುಡುಕಿ ಹಾಕಿದಳು. ನುಣುಪಾದವು, ಹ್ಯಾಂಡಲಿಗೆ ಹತ್ತಿರ, ಎರಡು ಬೆರಳಿಗೆಂದೇ ಬಾಗಿದವು. ಸ್ಟ್ಯಾಂಡಿನ ಮೇಲೆ ಒತ್ತಿ ನೋಡಿದಳು. ಕಲ್ಲಿನ ಹಾಗೆ ಗಟ್ಟಿ. ಒಂಚೂರು ಎಳೆದರೆ ಸಾಕು, ರಬ್ಬರು ಚಕ್ರಕ್ಕೆ ಕಚ್ಚಿ ಹಿಡಿಕೆ ಅಲ್ಲೇ ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ಬಿಟ್ಟುಕೊಂಡು ಹೋಗಿ ಬಡಗಿಯ ತಿರುವಿನಲ್ಲಿ ಹಿಡಿದಳು. ನಿಂತಿತು. ಮೇಲೆ ಬಂದು ಸೀಟಿಗೆ ಏಟು ಹಾಕಿದಳು.

ಮಾರನೆಯ ದಿನ ಬೆಳಿಗ್ಗೆ ಅಕ್ಕ ಚೀಲ ಕಟ್ಟಿಕೊಂಡು ಹತ್ತಿ ಇಳಿಜಾರಿನಲ್ಲಿ ಹೊರಟಳು. ತಂಗಿ ಅಂಗಡಿಯ ಮುಂದೆ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತು ನೋಡುತ್ತಿದ್ದಳು. ಸೈಕಲ್ ವೇಗ ಹಿಡಿಯಿತು. ಇನ್ನೇನು ನಿಧಾನ ಮಾಡಬೇಕು ಎನ್ನುವಲ್ಲಿ ಅದು ನಿಧಾನವಾಗಲಿಲ್ಲ. ಅಕ್ಕ ಬ್ರೇಕ್ ಹಿಡಿದಿರುವುದು ಹಿಂದಿನಿಂದ ಕಾಣುತ್ತಿತ್ತು, ಹೆಗಲು ಕಿವಿಯವರೆಗೆ ಏರಿತ್ತು. ಆದರೂ ಸೈಕಲ್ ಹೋಗುತ್ತಲೇ ಇತ್ತು. ತಿರುವಿನಲ್ಲಿ ತಿರುಗಲಾಗದೆ ನೇರವಾಗಿ ಬಡಗಿಯ ಅಂಗಡಿಯ ಮುಂದಿನ ಮರದ ಹೊಟ್ಟಿನ ರಾಶಿಗೆ ನುಗ್ಗಿತು. ತಂಗಿ ಚಪ್ಪಲಿ ಬಿಟ್ಟು ಓಡಿದಳು.

ಮರದ ಹೊಟ್ಟು ಮೆತ್ತಗಿತ್ತು, ಅದೊಂದು ಪುಣ್ಯ. ಬಡಗಿ ಅಕ್ಕನನ್ನು ಎತ್ತಿ ಕೂರಿಸಿ ನೀರು ಕೊಡುತ್ತಿದ್ದ. ಮೊಣಕೈ ತರಚಿತ್ತು, ತಲೆತುಂಬ ಹೊಟ್ಟು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಇವಳೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು.

“ಬ್ರೇಕ್ ಹಿಡೀಲಿಲ್ವಾ ನೀನು?” ಎಂದಳು, ಅಕ್ಕನ ತಲೆಯಿಂದ ಹೊಟ್ಟು ತೆಗೆಯುತ್ತಾ.

“ಹಿಡಿದೆ. ಇದ್ದ ಬಲ ಎಲ್ಲ ಹಾಕಿ ಹಿಡಿದೆ.” ಅಕ್ಕ ನೀರಿನ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡಿದ್ದಳು. “ನಿನ್ನ ಮೇಲೆ ಸಿಟ್ಟಿಲ್ಲ ಪುಟ್ಟಿ. ನನಗೇ ಭಯ ಆಗ್ಹೋಯ್ತು. ಆ ಮೂಲೇಲಿ ಯಾವ್ದಾದ್ರೂ ಮಗು ಇದ್ದಿದ್ರೆ? ಸಾಕು. ಔಷಧಿ ಕೋಣೇಲೇ ಕೂತ್ಕೊತೀನಿ ಅಂತ ಡಾಕ್ಟರಮ್ಮಂಗೆ ಹೇಳ್ಬಿಡ್ತೀನಿ.”

ತಂಗಿ ಸೈಕಲ್ಲನ್ನು ತಳ್ಳಿಕೊಂಡು ಮೇಲೆ ಬಂದಳು. ಬೀದಿಯಲ್ಲಿ ಸುದ್ದಿ ಅವಳಿಗಿಂತ ಮುಂಚೆ ಮೇಲೆ ಹತ್ತಿತ್ತು. ಯಾರೋ ‘ಬೆರಕೆ ಕೈಕೊಡ್ತಂತೆ’ ಎಂದದ್ದು ಕಿವಿಗೆ ಬಿತ್ತು. ಎಂದೂ ನೋಯದ ಹೆಸರು ಅವತ್ತು ನೋಯಿತು.

ಸ್ಟ್ಯಾಂಡಿಗೆ ಏರಿಸಿ ಮತ್ತೆ ಹಿಡಿಕೆ ಒತ್ತಿದಳು. ಅದೇ ಗಟ್ಟಿ. ಚಕ್ರವನ್ನು ರೊಯ್ಯನೆ ತಿರುಗಿಸಿ ಹಿಡಿದಳು, ನಿಂತಿತು. ವೈರ್ ಬಿಚ್ಚಿ ಎಣ್ಣೆ ಬಿಟ್ಟಳು, ರಬ್ಬರ್ ಉಜ್ಜಿದಳು, ರಿಮ್ ಒರೆಸಿದಳು. ತಾನೇ ಹತ್ತಿ ಇಳಿಜಾರು ಇಳಿದಳು. ತಿರುವಿನಲ್ಲಿ ಗಕ್ಕನೆ ನಿಂತಿತು. ತಪ್ಪು ಸೈಕಲ್ಲಿನಲ್ಲಿ ಇಲ್ಲ ಎಂದು ಅವಳ ಕೈ ಹೇಳುತ್ತಿತ್ತು. ತಪ್ಪು ಅಕ್ಕನದು ಎಂದು ಒಪ್ಪಲು ಅವಳ ಮನಸ್ಸು ತಯಾರಿರಲಿಲ್ಲ. ಅಂಗಡಿಯಲ್ಲಿ ಅವತ್ತು ಮಾತೇ ಇಲ್ಲದ್ದನ್ನು ಕಂಡು ಇಸ್ತ್ರಿಯವಳು ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡಿದಳು.

ಸಂಜೆ ಅಕ್ಕನ ಮನೆಗೆ ಹೋದಳು. ಅಕ್ಕ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸುತ್ತಿದ್ದಳು, ಬೆರಳಿನಿಂದಲ್ಲ, ಅಂಗೈಯ ಅಂಚಿನಿಂದ. ಚಹಾದ ಪಾತ್ರೆಯನ್ನು ಇಕ್ಕಳದಿಂದ ಎತ್ತದೆ ಬಟ್ಟೆ ಸುತ್ತಿ ಎರಡೂ ಕೈಯಿಂದ ತಬ್ಬಿ ಇಳಿಸಿದಳು. ತಂಗಿ ಇದನ್ನೆಲ್ಲ ಎಷ್ಟೋ ಸಲ ನೋಡಿದ್ದಳು. ಅವತ್ತು ಮಾತ್ರ ಸುಮ್ಮನೆ ನಿಂತು ನೋಡಿದಳು. ಆಮೇಲೆ ತನ್ನ ತೋರುಬೆರಳನ್ನು ಅಕ್ಕನ ಮುಂದೆ ಚಾಚಿದಳು.

“ಇದನ್ನ ಹಿಂಡು.”

“ಏನೇ ಇದು ಹುಚ್ಚಾಟ?”

“ಬ್ರೇಕ್ ಅನ್ಕೊಂಡು ಹಿಂಡು. ಜೋರಾಗಿ.”

ಅಕ್ಕ ಎರಡು ಬೆರಳಿನಿಂದ ಅವಳ ಬೆರಳನ್ನು ಹಿಡಿದಳು. ತುಟಿ ಕಚ್ಚಿ ಹಿಂಡಿದಳು. ತಂಗಿಗೆ ತನ್ನ ಬೆರಳಿನ ಮೇಲೆ ಏನೋ ಬೆಚ್ಚಗೆ ಕೂತ ಹಾಗಾಯಿತೇ ಹೊರತು ಹಿಂಡಿದ ಹಾಗಾಗಲಿಲ್ಲ.

“ಇಷ್ಟೇನಾ?”

“ಇಷ್ಟೇ,” ಎಂದಳು ಅಕ್ಕ. “ಇಷ್ಟೇ ಉಳಿದಿರೋದು.”

ಅಷ್ಟು ಕೂಸುಗಳನ್ನು ಹಿಡಿದೆತ್ತಿದ ಕೈ ಅದು, ಅದರಲ್ಲಿ ಈಗ ಇಷ್ಟೇ ಉಳಿದಿದೆ ಎಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ತಂಗಿಗೆ ದುಃಖವಾಯಿತು. ದುಃಖದ ಬೆನ್ನಿಗೇ ತಪ್ಪು ಎಲ್ಲಿದೆ ಎಂಬುದೂ ಹೊಳೆಯಿತು. ಚಹಾ ಕುಡಿಯದೆ ಎದ್ದಳು.

ಆ ಹೊಸ ಹಿಡಿಕೆಗಳು ಉದ್ದ ತೋಳಿನ ಹೊಸ ಬ್ರೇಕಿಗಾಗಿ ಮಾಡಿದವು. ಆ ಬ್ರೇಕಿಗೆ ವೈರ್ ತುಂಬ ಬೇಕು, ಹಾಗಾಗಿ ಹಿಡಿಕೆ ಒಂದೇ ಎಳೆತಕ್ಕೆ ತುಂಬ ವೈರ್ ಎಳೆಯುತ್ತದೆ. ಹಳೇ ಇಕ್ಕಳದ ಬ್ರೇಕಿಗೆ ಅಷ್ಟು ಬೇಕಿಲ್ಲ. ಚೂರು ಎಳೆಯುವಷ್ಟರಲ್ಲೇ ರಬ್ಬರು ಚಕ್ರಕ್ಕೆ ತಾಗಿ ಹಿಡಿಕೆ ಗಟ್ಟಿಯಾಗಿಬಿಡುತ್ತದೆ. ಕೈಗೆ ಗಟ್ಟಿ, ಆದರೆ ಚಕ್ರದ ಮೇಲೆ ಬಲವಿಲ್ಲ. ಆ ಕೊರತೆಯನ್ನು ಬೆರಳು ತುಂಬಿಕೊಡಬೇಕು. ಜಾಡಿ ಮುಚ್ಚಳ ತೆಗೆಯುವ ಇವಳ ಬೆರಳು ಕೇಳದೆಯೇ ತುಂಬಿಕೊಟ್ಟಿತ್ತು. ಎಷ್ಟು ವೈರ್ ಬರುತ್ತೆ ನೋಡ್ಕೊಳ್ಳಿ ಎಂದು ಗೇರಿನ ವಿಷಯದಲ್ಲಿ ಇಡೀ ಬೀದಿಯ ತಲೆ ತಿಂದವಳು ಬ್ರೇಕಿನ ವಿಷಯದಲ್ಲಿ ಅದನ್ನೇ ನೋಡಿರಲಿಲ್ಲ. ತನ್ನನ್ನು ತಾನೇ ಬೈದುಕೊಳ್ಳುತ್ತಾ ಇಳಿಜಾರು ಇಳಿದಳು, ಬೈಗುಳದಲ್ಲಿ ಅವಳು ಯಾರಿಗೂ ಕಡಿಮೆ ಮಾಡುವವಳಲ್ಲ.

ಹಿಡಿಕೆ ಬದಲಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಇಕ್ಕಳದ ಬ್ರೇಕಿನ ಕಾಲದ್ದೇ ಒಂದು ಜೊತೆ ಡಬ್ಬಿಯಲ್ಲಿತ್ತು, ವೈರ್ ಕಡಿಮೆ ಎಳೆದು ಬಲ ಹೆಚ್ಚು ಕೊಡುವಂಥದ್ದು. ಅದು ಅಕ್ಕನ ಬೆರಳಿಗೆ ದೂರವಾಗದಂತೆ ಬುಡದಲ್ಲಿ ಹಳೇ ಟ್ಯೂಬಿನ ರಬ್ಬರ್ ತುಂಡು ಇಟ್ಟು, ಹಿಡಿಕೆ ಹ್ಯಾಂಡಲಿನ ಕಡೆ ವಾಲುವ ಹಾಗೆ ಮಾಡಿದಳು. ಚಕ್ರದ ಓರೆಕೋರೆ ತೆಗೆದು ರಬ್ಬರನ್ನು ಚಕ್ರಕ್ಕೆ ತಾಗಿತೋ ಇಲ್ಲವೋ ಎನ್ನುವಷ್ಟು ಹತ್ತಿರ ತಂದಳು. ಒತ್ತಿದರೆ ಈಗ ಹಿಡಿಕೆ ಮೆತ್ತಗೆ ಒಳಕ್ಕೆ ಬರುತ್ತಿತ್ತು. ಅವಳ ಕೈಗೆ ಅದು ಹಿಡಿಸಲೇ ಇಲ್ಲ, ಬೇರೆಯವರು ಕಟ್ಟಿದ್ದಾಗಿದ್ದರೆ ‘ಇದೇನು ಒದ್ದೆ ಬಟ್ಟೆ ಹಿಂಡಿದ ಹಾಗಿದೆ’ ಎಂದು ಆಡಿಕೊಳ್ಳುತ್ತಿದ್ದಳು. ಕಿರುಬೆರಳೊಂದನ್ನೇ ಹಾಕಿ ಎಳೆದಳು. ತಿರುಗುತ್ತಿದ್ದ ಚಕ್ರ ಸತ್ತ ಹಾಗೆ ನಿಂತಿತು.

ಕಷ್ಟದ ಕೆಲಸ ಅಕ್ಕನನ್ನು ಕರೆತರುವುದು. ಮಾರನೆಯ ಬೆಳಿಗ್ಗೆ ಅಕ್ಕ ಆಸ್ಪತ್ರೆಗೆ ನಡೆದುಕೊಂಡೇ ಹೊರಟಿದ್ದಳು, ಡಾಕ್ಟರಮ್ಮನಿಗೆ ಔಷಧಿ ಕೋಣೆಯ ಮಾತು ಹೇಳಿಬಿಡಲು. ತಂಗಿ ಬೀದಿಗೆ ಅಡ್ಡಲಾಗಿ ಸೈಕಲ್ ನಿಲ್ಲಿಸಿಕೊಂಡು ಕಾದಿದ್ದಳು.

“ತಪ್ಪು ನಂದು,” ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ಕೇಳಿ ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತಳು. “ನನ್ನ ಕೈಗೆ ಸರಿಯಾಗಿ ಕಟ್ಟಿದ್ದೆ. ಈಗ ನಿನ್ನ ಕೈಗೆ ಕಟ್ಟಿದೀನಿ. ಹತ್ತು.”

“ನಾನು ಹತ್ತಲ್ಲ ಪುಟ್ಟಿ. ನೀನು ಇಳಿದು ತೋರ್ಸು ಬೇಕಾದ್ರೆ.”

“ನಾನು ಇಳಿದ್ರೆ ಏನು ಬಂತು? ನಿನ್ನೆ ಮೊನ್ನೆ ನಾನೂ ಇಳಿದೆ, ನಿಂತಿತ್ತು. ನೀನೇ ಹಿಡೀಬೇಕು ಬ್ರೇಕು. ನಾನು ಹಿಂದೆ ಕೂತ್ಕೊತೀನಿ.”

“ನಿನ್ನ ಭಾರಾನೂ ಸೇರಿಸ್ಕೊಂಡಾ? ಇಬ್ರೂ ಹೋಗಿ ಬೀಳೋಣ ಅಂತಾನಾ?”

“ಹೂಂ. ನೀನು ಬಿದ್ರೆ ನಾನೂ ಬೀಳ್ತೀನಿ. ಅದಕ್ಕಿಂತ ಹೆಚ್ಚಿಗೆ ಇನ್ನೇನು ಹೇಳ್ಲಿ ನಿಂಗೆ?”

ಅಕ್ಕ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದಳು. ಬಸುರಿಯ ನಾಡಿ ನೋಡುವಾಗ ಹೀಗೇ ನೋಡುತ್ತಾಳೆ, ಯಾವ ಸುಳ್ಳನ್ನೂ ಒಳಗೆ ಬಿಟ್ಟುಕೊಳ್ಳದೆ. ಆಮೇಲೆ ಕಪ್ಪು ಚೀಲವನ್ನು ತಂಗಿಯ ಕೈಗೆ ಕೊಟ್ಟು ಸೈಕಲ್ ಹತ್ತಿದಳು. ತಂಗಿ ಚೀಲವನ್ನು ತಬ್ಬಿಕೊಂಡು ಕ್ಯಾರಿಯರಿನ ಮೇಲೆ ಕೂತಳು.

ಸೈಕಲ್ ಹೊರಟಿತು. ತಾನು ಕಟ್ಟಿದ ಸೈಕಲ್ಲಿನ ಮೇಲೆ ಕೈಗೆ ಏನೂ ಸಿಗದೆ ಕೂತದ್ದು ಅವಳ ಬಾಳಿನಲ್ಲಿ ಇದೇ ಮೊದಲು. ಹ್ಯಾಂಡಲಿಲ್ಲ, ಬ್ರೇಕಿಲ್ಲ, ಕಾಲೂರಲು ನೆಲವೂ ಇಲ್ಲ. ಅಂಗಡಿಗಳು ಹಿಂದಕ್ಕೆ ಓಡತೊಡಗಿದವು. ಬೆರಳುಗಳು ತಾವಾಗೇ ಚೀಲದ ಪಟ್ಟಿಯನ್ನು ಬ್ರೇಕಿನಂತೆ ಹಿಂಡುತ್ತಿದ್ದವು. ಅವಳಿಗೆ ಭಯವಾಯಿತು. ಕಟ್ಟಿದ್ದು ಸರಿಯಿದೆ ಎಂದು ಗೊತ್ತಿತ್ತು, ಆದರೂ ಭಯವಾಯಿತು, ನಿನ್ನೆ ಅಕ್ಕನಿಗೂ ಹೀಗೇ ಆಗಿರಬೇಕು ಎನಿಸಿತು. ‘ಹಿಡಿ’ ಎಂದು ಕೂಗಬೇಕು ಅನಿಸಿದರೂ ನಾಲಿಗೆ ಕಚ್ಚಿಕೊಂಡಳು. ಬಡಗಿ ಉಳಿ ಕೆಳಗಿಟ್ಟು, ಯಾವುದಕ್ಕೂ ಇರಲಿ ಎಂದು ಹೊಟ್ಟಿನ ರಾಶಿಯ ಪಕ್ಕದಿಂದ ಸರಿದು ನಿಂತ.

ಅಕ್ಕನ ಎರಡು ಬೆರಳು ಒಳಕ್ಕೆ ಮಡಿಚಿಕೊಂಡವು. ಹೆಗಲು ಮೇಲೇರಲಿಲ್ಲ. ಸೈಕಲ್ ಯಾರೋ ಹಿಂದಿನಿಂದ ಸೆರಗು ಹಿಡಿದ ಹಾಗೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ತಿರುವಿಗೆ ಇನ್ನೂ ಜಾಗ ಇರುವಾಗಲೇ ನಿಂತಿತು. ಅಕ್ಕ ಒಂದು ಕಾಲು ನೆಲಕ್ಕೆ ಊರಿದಳು. ಅಕ್ಕ ಬೆರಳು ಬಿಟ್ಟು, ಮತ್ತೆ ಮಡಿಚಿ, ಬಿಟ್ಟು, ಹಿಡಿಕೆಯನ್ನು ಎರಡು ಸಲ ಸುಮ್ಮನೆ ಎಳೆದು ನೋಡಿದಳು.

“ಇಳಿ,” ಎಂದಳು.

“ಯಾಕೆ?”

“ಚೀಲ ಕಟ್ಟೋದು ಎಲ್ಲಿ? ನೀನು ಕೂತಿದ್ದೀಯಲ್ಲ ಅಲ್ಲಿ. ಮೇಲಿನ ಓಣಿ ಬಾಣಂತಿಗೆ ಎರಡು ದಿನದಿಂದ ಎದೆಹಾಲು ಕಟ್ಟಿದೆಯಂತೆ. ನಿನ್ನ ಜೊತೆ ಹರಟೆ ಹೊಡೀತಾ ಕೂತ್ರೆ ಆಯ್ತು.”

ತಂಗಿ ಇಳಿದು ಚೀಲವನ್ನು ಕ್ಯಾರಿಯರಿಗೆ ಕಟ್ಟಿದಳು. ಆಸ್ಪತ್ರೆ ಇದ್ದದ್ದು ಬಲಕ್ಕೆ. ಅಕ್ಕ ಎಡಕ್ಕೆ, ಗುಡ್ಡದ ಓಣಿಯ ಏರಿಗೆ ತಿರುಗಿಸಿದಳು. ಅಂಗೈಯಿಂದ ಲಿವರ್ ನೂಕಿದಳು, ಚೈನು ಒಮ್ಮೆ ಗೊಣಗಿತು, ಅಕ್ಕ ಕಿವಿಗೊಟ್ಟು ಕೂದಲೆಳೆ ಹಿಂದಕ್ಕೆ ತಂದಳು, ಸದ್ದು ನಿಂತಿತು. ಸೀಟಿನಿಂದ ಮೇಲೇಳದೆ, ನಿಧಾನವಾಗಿ, ಒಂದೇ ಸಮನೆ ಪೆಡಲು ತುಳಿಯುತ್ತಾ ಹತ್ತಿದಳು. ಮೊದಲ ಮನೆಯ ಬಾಗಿಲಲ್ಲಿ ಯಾರೋ ಹೆಂಗಸು ‘ಬಂದ್ರಾ ಅಮ್ಮಾ, ಇನ್ನು ಬರಲ್ಲ ಅಂತಿದ್ರಲ್ಲ’ ಎಂದದ್ದು ಕೇಳಿಸಿತು.

“ಯಾರು ಹೇಳಿದ್ದು ಬರಲ್ಲ ಅಂತ?” ಎಂದಳು ಅಕ್ಕ, ನಿಲ್ಲದೆ.

ಬೆರಕೆ ಕೆಳಗೇ ನಿಂತಿದ್ದಳು, ಬಡಗಿಯ ಎದುರಿಗೇ ಕಣ್ಣು ಒರೆಸಿಕೊಳ್ಳುತ್ತಾ. ಅಂಗಡಿ ಬಾಗಿಲು ತೆರೆದೇ ಬಿಟ್ಟು ಬಂದಿದ್ದಳು, ಇನ್ನು ಇಡೀ ಬೀದಿಯನ್ನು ನಡೆದೇ ಹತ್ತಬೇಕಿತ್ತು. ಆದರೂ ಅಕ್ಕನ ಬೆನ್ನು ಓಣಿಯ ಕೊನೆಯ ಗೋಡೆಯ ಹಿಂದೆ ಮರೆಯಾಗುವವರೆಗೂ ಅವಳು ಹೊರಡಲಿಲ್ಲ.